ಮಧ್ಯಾಹ್ನ ಮಲಗುವ ಗೆರೆ

ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಂತು ನೋಡುವವರಿದ್ದಾರೆ. ನಾನು ಕೆಲಕಾಲ ಹಾಗೆ ನೋಡುತ್ತಿದ್ದುದು ವೈರ್‌ಲೆಸ್ ಪೆಟ್ಟಿಗೆಯೊಂದರ ಅಂಕಿ ಅಂಶಗಳನ್ನು. ಹಾಲಾದರೋ ಉಕ್ಕಿದ ಮೇಲೆ ಬಿಡುಗಡೆ ಕೊಡುತ್ತದೆ; ಅಂಕಿ ಅಂಶಗಳು ಕೊಡುವುದಿಲ್ಲ.

ಎರಡು ಸಾವಿರದ ದಶಕದ ಕೊನೆಯ ಮಾತು. ಹನಗೋಡಿನಲ್ಲಿ ನಮ್ಮ ಬಳಗ ಒಂದು ಮಾಹಿತಿ ಕೇಂದ್ರ ತೆರೆದಿತ್ತು. ದಾನವಾಗಿ ಬಂದ ಹಳೆಯ ಲ್ಯಾಪ್‌ಟಾಪ್‌ಗಳಿದ್ದವು. ತಂತಿಗಳನ್ನು ಇಲಿಗಳು ಕಡಿದುಹಾಕಿದ್ದರಿಂದ, ಇಂಟರ್ನೆಟ್ಟನ್ನು ಗಾಳಿಯಲ್ಲೇ ಹಂಚುವ ಪೆಟ್ಟಿಗೆಯೊಂದನ್ನು ಗೋಡೆಗೆ ನೇತುಹಾಕಿದ್ದೆವು. ಎಷ್ಟು ಯಂತ್ರಗಳು ಸೇರಿದವು, ಎಷ್ಟು ತರಿಸಿಕೊಂಡವು, ಎಷ್ಟು ಕಳುಹಿಸಿದವು ಎಂಬುದನ್ನೆಲ್ಲ ಅದು ಪರದೆಯ ಮೇಲೆ ಗೆರೆಯಾಗಿ ಎಳೆದು ತೋರಿಸುತ್ತಿತ್ತು. ಸಾರ್ವಜನಿಕ ಸೌಲಭ್ಯಗಳು ಬಲ್ಲಿದರ ಪಾಲಾಗುವ ಅನ್ಯಾಯವನ್ನು ಬಯಲಿಗೆಳೆಯಲು ಇದಕ್ಕಿಂತ ನಿಷ್ಪಕ್ಷಪಾತ ಸಾಕ್ಷಿ ಇಲ್ಲವೆಂದು, ಕಾರ್ಯದರ್ಶಿಯಾದ ನಾನು ದೀರ್ಘವಾಗಿ ವಾದಿಸಿ, ಪ್ರತಿ ಸಭೆಯಲ್ಲೂ ಆ ಗೆರೆಯನ್ನು ಪರಿಶೀಲಿಸಬೇಕೆಂಬ ನಿರ್ಣಯ ಮಾಡಿಸಿದೆ.

ಸಾಕ್ಷಿ ಮೊದಲು ನುಡಿದದ್ದು ಹೆಂಗಸರ ವಿರುದ್ಧ. ಬೆಳಿಗ್ಗೆ ಮತ್ತು ಸಂಜೆ, ಗಂಡಸರ ಹೊತ್ತಿನಲ್ಲಿ, ಗೆರೆ ಗುಡ್ಡದಂತೆ ಏರುತ್ತಿತ್ತು. ಮಧ್ಯಾಹ್ನ, ಹೊಗೆಸೊಪ್ಪು ವಿಂಗಡಿಸುವ ಕೆಲಸದ ನಡುವೆ ಹೆಂಗಸರಿಗೆಂದು ಮೀಸಲಿಟ್ಟ ಒಂದೇ ಗಂಟೆಯಲ್ಲಿ, ಚಾಪೆ ಹಾಸಿ ಮಲಗಿಬಿಡುತ್ತಿತ್ತು. ಸೇರಿದ ಯಂತ್ರ ಒಂದೇ ಒಂದು.

“ಯಾರೂ ಬರಾಕಿಲ್ಲ ಕಣ್ರೀ. ಆ ಗಂಟೇನೂ ಹುಡುಗ್ರಿಗೆ ಬುಟ್ಬುಡವ,” ಎಂದರು ಅಧ್ಯಕ್ಷ ಶಿವಲಿಂಗಪ್ಪನವರು. “ನೀವೇ ಯೋಳಿದ್ರಲ್ಲ, ಪೆಟ್ಗೆ ಸುಳ್ಳು ಯೋಳಾಕಿಲ್ಲ ಅಂತ.”

ನನ್ನ ವಾಕ್ಯವನ್ನು ಅಷ್ಟು ಸರಿಯಾಗಿ ನೆನಪಿಟ್ಟವರು ಅವರೊಬ್ಬರೇ. ಮುಂದಿನ ಸಭೆಯವರೆಗೆ ಕಾಲಾವಕಾಶ ಕೇಳಿದೆ.

ಮರುದಿನ ಮಧ್ಯಾಹ್ನ ಕೇಂದ್ರದ ಬಾಗಿಲಲ್ಲೇ ನಿಂತೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಸೊಪ್ಪಿನ ರಾಶಿಯ ಸುತ್ತ ಕೂರುವ ರೂಢಿಯಂತೆಯೇ ಒಂದು ಬೀದಿಯ ಹೆಂಗಸರೆಲ್ಲ ಒಂದೇ ಲ್ಯಾಪ್‌ಟಾಪಿನ ಸುತ್ತ ಮಂಡಿಗೆ ಮಂಡಿ ತಾಗಿಸಿ ಕುಳಿತಿದ್ದರು. ನಡುವೆ ಜಯಮ್ಮ ಎಂಬುವರು, ತಮ್ಮ ಬೀದಿಗೆ ನಲ್ಲಿ ಹಾಕಿಸಿಕೊಡಿ ಎಂಬ ಅರ್ಜಿಯನ್ನು ಒಂಟಿ ಬೆರಳಿನಲ್ಲಿ ಟೈಪು ಮಾಡುತ್ತಿದ್ದರು. ಉಳಿದವರು ಒಕ್ಕಣೆ ಹೇಳುತ್ತಿದ್ದರು.

“ಕೊಡ ಒತ್ತೂ ಒತ್ತೂ ಸೊಂಟ ಬಿದ್ದೋಯ್ತು ಅಂತ ಆಕು ಕಣೇ.”

“ನಿನ್ ಸೊಂಟ ಕಟ್ಕಂಡು ಸಾಯೇಬ್ರಿಗೇನಾಗ್ಬೇಕು? ನೀವೇ ಒಂದ್ಸಲ ಒತ್ಕಂಬನ್ನಿ ಅಂತ ಆಕು!”

ಅರ್ಜಿ ಬರೆಯುವುದಕ್ಕೆ ಇಂಟರ್ನೆಟ್ಟಿನಿಂದ ಏನನ್ನೂ ತರಿಸಿಕೊಳ್ಳಬೇಕಾಗಿಲ್ಲ. ಸಿನಿಮಾ ಹಾಡಿಗಾದರೆ ಬೇಕು. ಹಿಂದಿನ ಸುಂಕದಕಟ್ಟೆಗಳೂ ಹೀಗೆಯೇ ಇದ್ದಿರಬೇಕು. ಗಾಡಿಯ ಮೇಲಿನ ಹೇರು ಲೆಕ್ಕಕ್ಕೆ ಸಿಗುತ್ತಿತ್ತು. ಹೆರಿಗೆಯ ಸುದ್ದಿ ಹೊತ್ತು ಬರಿಗೈಯಲ್ಲಿ ಓಡುತ್ತಿದ್ದವನನ್ನು ಯಾವ ಸುಂಕದವನು ತಡೆದಾನು? ಹೇರನ್ನೇ ಯೋಗ್ಯತೆಯೆಂದು ಎಣಿಸುವುದು ಪುರಾತನವಾದ ಅನ್ಯಾಯ. ಇದನ್ನು ನಾನು ಬಾಗಿಲಲ್ಲಿ ನಿಂತೇ ಹೆಂಗಸರಿಗೆ ವಿವರಿಸಿ, ಗೆರೆ ಏರದಿದ್ದರೆ ಗಂಟೆ ಕೈತಪ್ಪುತ್ತದೆಂಬುದನ್ನೂ ತಿಳಿಸಿದೆ.

“ಗೆರೆ ಏರ್ಬೇಕು ಅಷ್ಟೇ ತಾನೇ ಸಾ?” ಎಂದರು ಜಯಮ್ಮ. “ಗಂಡಸ್ರು ಅದೇನ್ ಮಾಡಿ ಏರುಸ್ತಾರೆ?”

“ಹಾಡು ಇಳಿಸಿಕೊಳ್ಳುತ್ತಾರೆ.”

ಕ್ಷಣದಲ್ಲಿ ಕೋಣೆಯ ಲ್ಯಾಪ್‌ಟಾಪ್‌ಗಳೆಲ್ಲ ಎದ್ದವು. ಅವುಗಳ ಮುಂದೆ ಒಬ್ಬರೂ ಇಲ್ಲ. ಒಂದೊಂದೂ ತನ್ನ ಪಾಡಿಗೆ ಹಾಡು ಇಳಿಸಿಕೊಳ್ಳುತ್ತಿತ್ತು. ಹೆಂಗಸರು ಮತ್ತೆ ಅರ್ಜಿಯ ಸುತ್ತ ಕುಳಿತರು. ಇದು ದತ್ತಾಂಶವನ್ನು ತಿರುಚಿದಂತಾಗುತ್ತದೆ ಎಂದು ನಾನು ಗಂಭೀರವಾಗಿ ಆಕ್ಷೇಪಿಸಿದೆ.

“ಸುಳ್ಳೆಂಗಾದದು ಸಾ? ಪದ ಬತ್ತಾ ಅದೆ, ಕೇಳ್ಕಂಡೇ ಬರೀತೀವಿ ಬುಡಿ,” ಎಂದು ಜಯಮ್ಮ ಇಳಿಯುತ್ತಿದ್ದ ಹಾಡುಗಳತ್ತ ಕೈ ತೋರಿಸಿದರು.

ಮುಂದಿನ ಸಭೆಯಲ್ಲಿ ಮಧ್ಯಾಹ್ನದ ಗೆರೆ ಸಂಜೆಯದಕ್ಕಿಂತ ಎತ್ತರವಾಗಿತ್ತು. “ಎಂಗಸ್ರು ಬಾಳ ಮುಂದುವರ್ದವ್ರೆ ಕಣ್ರೀ,” ಎಂದು ಅಧ್ಯಕ್ಷರು ಗಂಟೆಯನ್ನು ಉಳಿಸಿಕೊಟ್ಟರು. ಈ ಏರಿಕೆಯ ಹಿನ್ನೆಲೆಯನ್ನು ಸಭೆಗೆ ನಿವೇದಿಸುವುದು ಕರ್ತವ್ಯವೆಂದು ಎದ್ದು ನಿಂತೆ. “ಕೂತ್ಕಳ್ರೀ, ಪೆಟ್ಗೆನೇ ಯೋಳ್ತಾ ಅದಲ್ಲ,” ಎಂದರು. ಕುಳಿತೆ. ಸಾರ್ವಜನಿಕ ಜೀವನದಲ್ಲಿ ನಾನು ಅಷ್ಟು ಬೇಗ ಕುಳಿತದ್ದು ಬೇರೆ ನೆನಪಿಲ್ಲ.

ಅರ್ಜಿ ಮುಗಿದು, ಇ-ಮೇಲ್‌ನಲ್ಲಿ ಹೊರಟ ಮಧ್ಯಾಹ್ನ ನಾನು ಪರದೆಯನ್ನೇ ನೋಡುತ್ತಿದ್ದೆ. ಗೆರೆ ಹುಬ್ಬನ್ನೂ ಏರಿಸಲಿಲ್ಲ. ಪಂಚಾಯಿತಿ ಕಚೇರಿಯವರು ಅದನ್ನೇ ಕಾಗದದಲ್ಲಿ ತನ್ನಿ ಎಂದರು. ಬೀದಿಯವರೆಲ್ಲ ಒಟ್ಟಿಗೇ ಹೋಗಿ ಕೊಟ್ಟರು. ಅಲ್ಲಿಯೂ ಮಂಡಿಗೆ ಮಂಡಿ ತಾಗಿಸಿ ಕುಳಿತರೆಂದು ಕೇಳಿದೆ. ಬೇಸಿಗೆಗೆ ಮುಂಚೆ ನಲ್ಲಿ ಬಂದಿತು.

ಮೊದಲ ನೀರಿನ ದಿನ ನನ್ನನ್ನೂ ಕರೆದಿದ್ದರು. ಯಾವ ಹೊತ್ತಿನಲ್ಲಿ ಎಷ್ಟು ನೀರು ಹರಿಯಿತೆಂದು ತಿಳಿಯಲು ಇದಕ್ಕೊಂದು ಮೀಟರ್ ಕೂರಿಸಿದರೆ ಒಳ್ಳೆಯದು ಎಂದು ಸಲಹೆ ಮಾಡಿದೆ. ಜಯಮ್ಮ ಸೊಂಟದ ಕೊಡವನ್ನು ಕೆಳಗಿಟ್ಟು ನನ್ನನ್ನು ನೋಡಿದರು.

ಸಲಹೆಯನ್ನು ಹಿಂತೆಗೆದುಕೊಂಡು, ಕೊಡವನ್ನು ನಲ್ಲಿಯ ಕೆಳಗೆ ಸರಿಸಿದೆ.