ಜಿಂಕೆಗೆ ಕೇಳಿಸದ ಕಂಬಳಿ

ಪೂರಿಗಾಲಿಯ ಬೇಟೆ ಗೆಳೆಯರೇ, ನನಗೆ ಬೆಳಗಿನ ಜಾವ ಕೆಟ್ಟ ಕನಸು. ನಮ್ಮ ಯಜಮಾನರು ಮರದ ಮೇಲಿನ ಅಟ್ಟಣೆಯಲ್ಲಿ ಚಳಿಗೆ ಸೆಟೆದು ಕೂತಿದ್ದಾರೆ, ಕರೆದರೆ ಓಗೊಡುತ್ತಿಲ್ಲ. ಇವತ್ತು ಸಂಜೆ ಅವರು ನಿಜಕ್ಕೂ ನಿಮ್ಮ ಜೊತೆ ಜಿಂಕೆ ಬೇಟೆಗೆ ಬರುವವರು. ಎದೆಯ ಕೆಮ್ಮು ಇನ್ನೂ ಹೋಗಿಲ್ಲ. ಯುದ್ಧ ಬಂದ ಮೇಲೆ ಉಣ್ಣೆಯೆಲ್ಲ ಸೈನ್ಯಕ್ಕೇ ಹೋಗಿ, ಅಂಗಡಿಯಲ್ಲಿ ಉಣ್ಣೆಯ ಬನಿಯನ್ ಕೂಡ ಸಿಗುತ್ತಿಲ್ಲ. ನಮ್ಮಣ್ಣ ಬಂಡೂರಿನಿಂದ ತಂದ ಹೊಸ ಕಂಬಳಿಯನ್ನು ಅವರಿಗೆ ಹೊದಿಸಿ ನೋಡಿದೆ. ತೆಗೆದು ಮೂಲೆಗೆಸೆದರು.

"ನೇಯುವಾಗ ಬಳ್ದ ಉಣಸೆಬೀಜದ ಗಂಜಿ ಇನ್ನೂ ಬುಟ್ಟಿಲ್ಲ ಕಣಮ್ಮಿ. ಅಳ್ಳಾಡುದ್ರೆ ಸರಸರ ಅಂತದೆ, ಜಿಂಕೆ ಓಡೋಯ್ತದೆ."

"ನೀವು ಕೆಮ್ಮುದ್ರೆ ನಿಂತ್ಕತದಾ?"

ಹಳೆಯ ಕಂಬಳಿಗೇ ಕೈ ಹಾಕಿದರು. ಅದು ಮೆತ್ತಗಿದೆ, ಸದ್ದಿಲ್ಲ, ಆದರೆ ತುಂಬ ತೂತು. ಅದನ್ನು ಹೊದಿಸುವ ಮುಂಚೆ ಎದೆಗೆ ನನ್ನ ಹಳೆಯ ಸೀರೆ ಸುತ್ತಿದೆ.

"ಸೀರೆ ಸುತ್ಕಂಡು ಮರ ಅತ್ಲಾ? ನೋಡ್ದೋರು ನಗಾಕಿಲ್ವಾ?"

"ನಗೋರು ನಗ್ಲಿ ಬುಡಿ. ಜಿಂಕೆ ನಗಾಕಿಲ್ಲ."

ಬೈಯುತ್ತಲೇ ಸೆರಗಿನ ತುದಿಯನ್ನು ತಾವೇ ಒಳಗೆ ಸಿಕ್ಕಿಸಿಕೊಂಡರು. ಜಿಂಕೆ ಸಿಗದಿದ್ದರೂ ಪರವಾಗಿಲ್ಲ, ನನ್ನ ಸೀರೆ ವಾಪಸು ಬರಲಿ, ಒಳಗಿರುವವರ ಸಮೇತ. ಅಟ್ಟಣೆ ಹತ್ತಿಸುವ ಮುಂಚೆ ಕಂಬಳಿ ಸರಿಸಿ ಇನ್ನೊಂದು ಸಲ ನೋಡಿ: ಸೀರೆ ಎದೆಯ ಮೇಲೇ ಇದೆಯೋ, ದಾರಿಯಲ್ಲಿ ಬಿಚ್ಚಿ ಚೀಲಕ್ಕೆ ತುರುಕಿದರೋ?