ಸುಮತಿ ಟೀಚರ್ ಸಂಜೆ ಏನು ನೋಡುತ್ತಿದ್ದರು?

ಕನ್ನಡಕದ ಕಡ್ಡಿಗೆ ಸಿಕ್ಕಿಸುವ ಚಿಕ್ಕದೊಂದು ಸೆನ್ಸರ್ ನಮ್ಮದು. ಹಾಕಿಕೊಂಡವರು ಎಷ್ಟು ಹತ್ತಿರದಿಂದ, ಎಂಥ ಬೆಳಕಿನಲ್ಲಿ ನೋಡುತ್ತಾರೆಂದು ಅದು ದಾಖಲಿಸುತ್ತದೆ. ಪುತ್ತಿಗೆಯಲ್ಲಿರುವ ನಿವೃತ್ತ ಶಿಕ್ಷಕಿ ಸುಮತಿ ಟೀಚರ್ ಒಂದು ವಾರ ಅದನ್ನು ಹಾಕಿಕೊಳ್ಳಲು ಒಪ್ಪಿದ್ದರು. ವಾರ ಕಳೆದು ನೋಡಿದರೆ, ದಿನಾ ಸಂಜೆ ಮಬ್ಬು ಬೆಳಕಿನಲ್ಲಿ ಬಹಳ ಹೊತ್ತು ಏನನ್ನೋ ತೀರಾ ಹತ್ತಿರದಿಂದ ನೋಡಿದ್ದರು.

"ಟೀಚರ್, ಸಂಜೆ ಲೈಟ್ ಹಾಕದೆ ಓದ್ತೀರಾ?" ಎಂದು ಕೇಳಿದೆ.

"ಇಲ್ಲಪ್ಪ, ಸಂಜೆ ನಾನು ಪುಸ್ತಕ ಮುಟ್ಟುವುದೇ ಇಲ್ಲ."

"ಮೊಬೈಲ್?"

"ಅದು ಫೋನ್ ಮಾಡ್ಲಿಕ್ಕೆ ಮಾತ್ರ."

ಸೆನ್ಸರೇ ಕೆಟ್ಟಿರಬೇಕೆಂದು ಬಿಚ್ಚಲು ಹೊರಟೆ. ಆಗ ಅವರು ಪಕ್ಕದಲ್ಲಿ ಕೂತಿದ್ದ ಯಜಮಾನರನ್ನು ನೋಡಿ ನಕ್ಕರು. ಗಂಟಲಿನ ಆಪರೇಷನ್ ಆದ ಮೇಲೆ ಯಜಮಾನರಿಗೆ ಸ್ವರ ಹೊರಡುವುದಿಲ್ಲ.

"ಸಂಜೆ ಇವರ ಹತ್ತಿರ ಮಾತಾಡ್ತಾ ಕೂತುಕೊಳ್ತೇನೆ. ತುಟಿ ನೋಡಿಯೇ ಅರ್ಥ ಮಾಡ್ಕೊಳ್ಬೇಕಲ್ಲ?"

"ಹಾಗಾದರೆ ಲೈಟ್ ಹಾಕಿಕೊಳ್ಳಿ, ಕಣ್ಣಿಗೆ ಒಳ್ಳೆಯದು" ಎಂದೆ.

ಯಜಮಾನರ ತುಟಿ ಅಲುಗಿತು. ಟೀಚರ್ ಬಗ್ಗಿ ನೋಡಿದವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಏನಂತೆ?" ಎಂದೆ.

"ಲೈಟ್ ಹಾಕಿದರೆ ನಾನು ಇಷ್ಟು ಹತ್ತಿರ ಬರುವುದಿಲ್ಲವಂತೆ, ಮಾರಾಯ್ರೆ!"

ಬೆಳಕಿನ ಬಗ್ಗೆ ಆ ಮನೆಯಲ್ಲಿ ನಾನು ಮತ್ತೆ ಸಲಹೆ ಕೊಡಲಿಲ್ಲ.