ಒಂದು ಬದಿ ಖಾಲಿ

2022ರ ಅಕ್ಟೋಬರ್ ತಿಂಗಳ ಒಂದು ಮಂಗಳವಾರ ಸಂಜೆ, ಉತ್ತರ ಕ್ಯಾರೊಲಿನಾದ ಒಂದು ಬುಡಕಟ್ಟು ಸರ್ಕಾರದ ಕಚೇರಿಯಲ್ಲಿ, ಎಪ್ಪತ್ತೊಂದು ವರ್ಷದ ಹೆಂಗಸೊಬ್ಬರ ವಂಶಕ್ಕಿದ್ದ ಏಕೈಕ ಪುರಾವೆಯನ್ನು ಸ್ಟೀಲ್ ಸ್ಕೇಲ್ ಇಟ್ಟು ನಾಲ್ಕು ಸಮ ತುಂಡು ಮಾಡಲಾಯಿತು. ಮಾಡಿದ್ದು ನಾನು. "ಮಾಡಲಾಯಿತು" ಎಂದು ಬರೆದರೆ ತಪ್ಪು ಸ್ವಲ್ಪ ಹಗುರವಾಗುತ್ತದೆ ಎಂದು ಪತ್ರಿಕೆಯಲ್ಲಿದ್ದಾಗ ಕಲಿತಿದ್ದೆ. ಹಳೆಯ ಚಟ, ಕ್ಷಮಿಸಿ.

ಇವತ್ತು ಇದು ನೆನಪಾದದ್ದು ಮಗಳ ಸ್ಕೂಲ್ ಬ್ಯಾಗಿನಿಂದ ಬಿದ್ದ ಒಂದು ಹಳದಿ ಹಾಳೆಯಿಂದ. ಶಾಲೆಯ ಪುಸ್ತಕ ಮಾರಾಟದ ಪ್ರಕಟಣೆ. ಒಂದು ಬದಿ ಅಚ್ಚು, ಇನ್ನೊಂದು ಬದಿ ಖಾಲಿ. ನನ್ನ ಕೈ ತಾನಾಗಿಯೇ ಸ್ಕೇಲ್ ಹುಡುಕತೊಡಗಿತು. "ಅಮ್ಮಾ, ಇಟ್ಸ್ ಜಸ್ಟ್ ಎ ಫ್ಲೈಯರ್. ಥ್ರೋ ಮಾಡು" ಎಂದಳು ಮಗಳು. ಕೈ ಹಿಂದೆಗೆದುಕೊಂಡೆ. ಅಚ್ಚಿನ ಬದಿ ಎರಡು ಸಲ ಓದಿ, ಖಾಲಿ ಬದಿಯನ್ನೂ ಓದಿ, ಕಸಕ್ಕೆ ಹಾಕಿದೆ.

ಚಟದ ಮೂಲ ಮೈಸೂರಿನಲ್ಲಿದೆ. ಅಲ್ಲಿನ ಒಂದು ಸಂಜೆ ಪತ್ರಿಕೆಯಲ್ಲಿ ನಾನು ಉಪಸಂಪಾದಕಿ. ಸುದ್ದಿಸಂಸ್ಥೆಯಿಂದ ಬಂದ ಹಾಳೆಗಳ ಬೆನ್ನಿನ ಮೇಲೆಯೇ ನಾವು ಅನುವಾದ ಬರೆಯುತ್ತಿದ್ದೆವು. ಹೊಸ ಹಾಳೆ ಮುಟ್ಟಿದವರನ್ನು ಮುಖ್ಯ ಉಪಸಂಪಾದಕರು ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. "ದೇವ್ರು ಕಾಗದಕ್ಕೆ ಎರಡು ಬದಿ ಯಾಕಮ್ಮ ಕೊಟ್ಟಿದಾನೆ? ಒಂದು ಅವರ ಸುಳ್ಳಿಗೆ, ಇನ್ನೊಂದು ನಮ್ಮ ಸುಳ್ಳಿಗೆ." ಹತ್ತು ವರ್ಷ ಹೀಗೆ ಬದುಕಿದವರು ಆಮೇಲೆ ಯಾವ ದೇಶಕ್ಕೆ ಹೋದರೂ ಬಿಳಿ ಬೆನ್ನಿನ ಹಾಳೆ ಕಸದ ಬುಟ್ಟಿಗೆ ಬೀಳುವುದನ್ನು ನೋಡಲಾರರು.

ನಮ್ಮ ಮನೆಯವರ ಕೆಲಸ ಇದೇ ರಾಜ್ಯದ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಕಂಪನಿಗಳ ಬಡಾವಣೆಯಲ್ಲಿ. ನನಗೆ ಕೆಲಸದ ಅನುಮತಿ ಪತ್ರ ಬಂದಾಗ ಸಿಕ್ಕಿದ್ದು, ಒಂದೂವರೆ ಗಂಟೆ ಕಾರು ಓಡಿಸಿದರೆ ಸಿಗುವ ಈ ಬುಡಕಟ್ಟಿನ ಕಚೇರಿಯಲ್ಲಿ, ಪರಿಸರ ವಿಭಾಗದಲ್ಲಿ, ವಾರಕ್ಕೆ ಮೂರು ದಿನದ ಗುಮಾಸ್ತಿಕೆ. ಇಲ್ಲಿನ ಮೂಲನಿವಾಸಿಗಳಿಗೆ ತಮ್ಮದೇ ಸರ್ಕಾರಗಳಿರುವುದು ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಅಧ್ಯಕ್ಷರು, ಮಂಡಳಿ, ಚುನಾವಣೆ, ಮನೆ ರಿಪೇರಿ ಯೋಜನೆ, ಹಿರಿಯರಿಗೆ ಮಧ್ಯಾಹ್ನದ ಊಟ ಎಲ್ಲವೂ ಇವೆ. ಎಲ್ಲ ಸರ್ಕಾರಗಳಲ್ಲಿ ಇರುವಂತೆ, "ಅದು ಆ ಕಿಟಕಿಯಲ್ಲಿ ಕೇಳಿ" ಎನ್ನುವವರೂ ಇದ್ದಾರೆ. ಮೊದಲ ದಿನವೇ ನನಗೆ ತವರಿಗೆ ಬಂದಂತಾಯಿತು.

ನಮ್ಮ ವಿಭಾಗದ ಮುಖ್ಯಸ್ಥ ಡೇಲ್. ಆರೂಕಾಲು ಅಡಿ ಎತ್ತರ, ನದಿ ನೀರಿನ ಪರೀಕ್ಷೆಯಲ್ಲಿ ಪಂಡಿತ, ಕಾಗದಪತ್ರದಲ್ಲಿ ಶುದ್ಧ ಅನಾಥ. ಕಚೇರಿಯಲ್ಲಿ ಮರುಬಳಕೆ ಹೆಚ್ಚಿಸಲು ವಾಷಿಂಗ್ಟನ್‌ನಿಂದ ಅನುದಾನ ಬಂದಿತ್ತು. ಕಾಗದ ಉಳಿಸುವ ಆ ಯೋಜನೆಯ ಅರ್ಜಿಯನ್ನು ಮೂರು ಪ್ರತಿಗಳಲ್ಲಿ ಕಳಿಸಬೇಕಿತ್ತು, ಪ್ರತಿ ಹಾಳೆಯ ಒಂದೇ ಬದಿಯಲ್ಲಿ ಮುದ್ರಿಸಿ. ಡೇಲ್ ಅದನ್ನು ತೋರಿಸಿ, "ನನ್ನ ಅಜ್ಜಿ ಹಿಟ್ಟಿನ ಚೀಲದಲ್ಲಿ ಲಂಗ ಹೊಲೀತಿದ್ಳು. ಈಗ ಇವರು ನಮಗೆ ಉಳಿತಾಯ ಕಲಿಸ್ತಾರೆ" ಎಂದ. (ಅಲ್ಲಿನವರ ಮಾತೆಲ್ಲ ಇಂಗ್ಲಿಷ್. ನನ್ನ ಕಿವಿಗೆ ಬಿದ್ದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ನೀಲಿ ಡಬ್ಬಗಳು ಬಂದವು. ಜನ ಅದರಲ್ಲಿ ಕೋಳಿ ಮೂಳೆ ಹಾಕಿದರು. ಆಗ ನಾನು ಮೈಸೂರನ್ನು ಹೊರತೆಗೆದೆ. ಫೋಟೋಕಾಪಿ ಯಂತ್ರದ ಪಕ್ಕ ಒಂದು ಟ್ರೇ ಇಟ್ಟು, ಒಂದು ಬದಿ ಖಾಲಿಯಿರುವ ಹಾಳೆಗಳನ್ನೆಲ್ಲ ಅದಕ್ಕೆ ಹಾಕಿ ಎಂದೆ. ಸಂಜೆ ಅವನ್ನು ನಾಲ್ಕು ಭಾಗ ಮಾಡಿ, ಕ್ಲಿಪ್ ಹಾಕಿ, ಪ್ರತಿ ಕೌಂಟರಿಗೂ ಒಂದು ಚೀಟಿಪುಸ್ತಕ ಹಂಚುತ್ತಿದ್ದೆ. ಎರಡು ವಾರದಲ್ಲಿ ಇಡೀ ಕಚೇರಿ ನನ್ನ ಚೀಟಿಗಳ ಮೇಲೆ ನಡೆಯತೊಡಗಿತು. ಡೇಲ್ ವರದಿಯಲ್ಲಿ ಇದನ್ನು "ಹೊಸ ಪ್ರಯೋಗ" ಎಂದು ಬರೆದ.

ಆ ಟ್ರೇ ಬಗ್ಗೆ ಒಂದು ಮಾತು. ಯಂತ್ರದ ಪಕ್ಕ ಮೊದಲೇ ಇನ್ನೊಂದು ಟ್ರೇ ಇತ್ತು, ಕಾಪಿ ತೆಗೆಯಬೇಕಾದ ಕಾಗದಗಳಿಗೆ. ಬೇರೆ ಬಣ್ಣದ್ದು ಕೊಂಡರೆ ದಂಡ ಎಂದು ನಾನು ಗೋದಾಮಿನಿಂದ ಅಂಥದ್ದೇ ಹಳೆಯ ಬೂದು ಟ್ರೇ ತಂದು ಪಕ್ಕದಲ್ಲಿಟ್ಟಿದ್ದೆ. ಹೆಸರಿನ ಚೀಟಿ ಅಂಟಿಸಿದ್ದೆ. ಹಳೆಯ ಅಂಟು, ಅದೂ ಮರುಬಳಕೆಯದೇ. ಬಿದ್ದುಹೋಗಿತ್ತು.

ಇನ್ನು ಮಿಸ್ ವರ್ನಾ. ಅಲ್ಲಿ ಹಿರಿಯ ಹೆಂಗಸರನ್ನು ಹೆಸರಿನ ಮುಂದೆ ಮಿಸ್ ಸೇರಿಸಿ ಕರೆಯುತ್ತಾರೆ, ನಾವು ಆಂಟಿ ಅಂದಂತೆ. ಅವರು ಕಿರಿಯರನ್ನು ಹನಿ ಎನ್ನುತ್ತಾರೆ, ನಾವು ಕಂದಾ ಅಂದಂತೆ. ಮಿಸ್ ವರ್ನಾ ಹುಟ್ಟಿದ್ದು, ಬೆಳೆದದ್ದು ಈ ಬುಡಕಟ್ಟಿನಲ್ಲೇ. ಆದರೆ ಸದಸ್ಯರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಪಟ್ಟಿ ಮಾಡಿದ ಕಾಲಕ್ಕೆ ಅವರ ಅಪ್ಪ ದಕ್ಷಿಣ ಕ್ಯಾರೊಲಿನಾದ ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದರು, ಚಿಕ್ಕಪ್ಪ ಊರಿನಲ್ಲಿದ್ದರು. ಹೀಗಾಗಿ ಚಿಕ್ಕಪ್ಪನ ಸಂತಾನ ಪಟ್ಟಿಯೊಳಗೆ, ಇವರು ಹೊರಗೆ. ಅಪ್ಪ, ಚಿಕ್ಕಪ್ಪ ಒಡಹುಟ್ಟಿದವರು ಎಂದು ರುಜುವಾತು ಮಾಡಿದರೆ ಇವರೂ ಒಳಗೆ. ಪಟ್ಟಿಯಲ್ಲಿಲ್ಲದವರಿಗೆ ಓಟಿಲ್ಲ. ಮಂಡಳಿಯ ಚುನಾವಣೆ ಹತ್ತಿರವಿತ್ತು, ಅರ್ಜಿಗೆ ಕೊನೆಯ ಗಡುವು ಆ ಶುಕ್ರವಾರ ಸಂಜೆ ಐದು.

"ಓಟು ಯಾಕೆ ಅಷ್ಟು ಬೇಕು ನಿಮಗೆ?" ಎಂದು ಕೇಳಿದ್ದೆ.

"ಯಾಕೆ ಅಂದ್ರೆ ಚಿಕ್ಕಪ್ಪನ ಮಗ ನಿಂತಿದಾನೆ ಹನಿ. ಅವನ ವಿರುದ್ಧ ಹಾಕ್ಬೇಕು. ನಲವತ್ತು ವರ್ಷದಿಂದ ಕಾಯ್ತಿದೀನಿ."

"ಒಂದೇ ಮನೆತನ ಅಂತ ಅವರೇ ಒಂದು ಮಾತು ಬರ್ಕೊಟ್ರೆ ಆಗಲ್ವಾ?"

"ಅವನ ಹತ್ರ ಬರೆಸ್ಕೊಂಡು ಅವನಿಗೇ ಎದುರು ಓಟಾ? ಅಷ್ಟು ಮಾನಗೆಟ್ಟಿಲ್ಲ ನಾನು."

ದಾಯಾದಿ ಎನ್ನುವ ನಮ್ಮ ಪದವನ್ನು ಅವರಿಗೆ ವಿವರಿಸಿದೆ. ಒಂದೇ ಸಲಕ್ಕೆ ಅರ್ಥವಾಯಿತು.

ಅವರ ಬಳಿ ಇದ್ದದ್ದು ಒಂದೇ ಹಾಳೆ. ಅಪ್ಪ, ಚಿಕ್ಕಪ್ಪ ಇಬ್ಬರ ಹೆರಿಗೆಯನ್ನೂ ಮಾಡಿಸಿದ ಸೂಲಗಿತ್ತಿ, ಇಬ್ಬರೂ ಒಂದೇ ತಾಯಿಯ ಮಕ್ಕಳು ಎಂದು ಹೇಳಿ, ಕೆಳಗೆ ಬಲಮೂಲೆಯಲ್ಲಿ ಸಹಿ ಹಾಕಿದ ಟೈಪು ಮಾಡಿದ ಹೇಳಿಕೆ. ಬೆನ್ನು ಖಾಲಿ. ಮಂಗಳವಾರ ಅದನ್ನು ಸದಸ್ಯತ್ವ ಕೌಂಟರಿನ ಟೀನಾ ಕೈಗೆ ಕೊಟ್ಟರು. ಕಾಪಿ ಯಂತ್ರದಲ್ಲಿ ಬೇರೆ ಯಾವುದೋ ಹಾಳೆ ಸಿಕ್ಕಿಕೊಂಡಿತ್ತು. ಆಮೇಲೆ ಕಾಪಿ ತೆಗೆಯೋಣ ಎಂದು ಟೀನಾ ಅದನ್ನು ಬೂದು ಟ್ರೇಗೆ ಹಾಕಿದಳು. ಯಾವ ಬೂದು ಟ್ರೇ ಎಂದು ನೀವು ಊಹಿಸಿದ್ದೀರಿ. ಉಪಸಂಪಾದಕಿಯಾಗಿ ಹತ್ತು ವರ್ಷ ಪ್ರತಿ ಅಕ್ಷರ ಓದಿದ ನಾನು, ಅಂದು ಒಂದು ಅಕ್ಷರವನ್ನೂ ಓದದೆ ಕತ್ತರಿಸಿದೆ. ಖಾಲಿ ಬದಿ ಮೇಲಿತ್ತು.

ಗುರುವಾರ ಬೆಳಿಗ್ಗೆ ಮಿಸ್ ವರ್ನಾ ಕೌಂಟರಿನ ಮುಂದೆ ನಿಂತಿದ್ದರು. ಧ್ವನಿ ನಮ್ಮ ಕೋಣೆಯವರೆಗೆ ಬರುತ್ತಿತ್ತು. ಎದ್ದು ಅಲ್ಲಿಗೆ ಹೋದೆ.

"ಕೊಟ್ಟಿದೀನಿ ಕಣೇ! ಮಂಗಳವಾರ, ನಿನ್ನ ಕೈಗೆ, ನಿನ್ನ ಹಸಿರು ಉಗುರು ನೋಡ್ಕೊಂಡು ಕೊಟ್ಟಿದೀನಿ!"

"ಫೈಲಲ್ಲಿ ಇಲ್ಲ ಮಿಸ್ ವರ್ನಾ. ನೀವು ವಾಪಸ್ ತಗೊಂಡು ಹೋಗಿರ್ಬೇಕು ಅಂತಲೇ ನಿನ್ನೆ ನಿಮಗೆ ಮತ್ತೆ ತನ್ನಿ ಅಂದಿದ್ದು" ಎಂದಳು ಟೀನಾ. ಹೇಳುತ್ತ ಆಕೆಯ ಕಣ್ಣು ಬೂದು ಟ್ರೇಗಳ ಕಡೆ ತಿರುಗಿತು. ನನ್ನದೂ ತಿರುಗಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

ಆಮೇಲೆ ನಡೆದದ್ದು ಶೋಧ. ಮೊದಲ ತುಂಡು ಡೇಲ್ ಮೇಜಿನ ಮೇಲೆ ಸಿಕ್ಕಿತು. ಬೆನ್ನಿನಲ್ಲಿ "ಎರಡು ಪ್ಲೇಟ್ ಬಾರ್ಬೆಕ್ಯೂ, ಒಂದಕ್ಕೆ ಕೋಸಿನ ಪಲ್ಯ ಬೇಡ" ಎಂದಿತ್ತು. ಎರಡನೆಯದು ಹಿರಿಯರ ಅಡುಗೆಮನೆಯ ಫ್ರಿಜ್ಜಿಗೆ ಅಂಟಿಕೊಂಡಿತ್ತು: "ಈ ಕಡುಬು ನಿಮ್ಮದಲ್ಲ." ಮೂರನೆಯದನ್ನು ಯಾರೋ ಎಂಟು ಮಡಿಕೆ ಮಾಡಿ ಸಭಾಕೋಣೆಯ ಮೇಜಿನ ಗಿಡ್ಡ ಕಾಲಿನ ಕೆಳಗೆ ಇಟ್ಟಿದ್ದರು. ಡೇಲ್ ಮೇಜನ್ನು ಎತ್ತಿ ಹಿಡಿದ, ನಾನು ಕೆಳಗೆ ತೂರಿದೆ. ಸಹಿಯಿದ್ದ ನಾಲ್ಕನೆಯ ತುಂಡು ಎಲ್ಲಿಯೂ ಇಲ್ಲ. ನೀಲಿ ಡಬ್ಬಗಳನ್ನು ಅಂಗಳದಲ್ಲಿ ಸುರಿದು, ಕೋಳಿ ಮೂಳೆಗಳ ನಡುವೆಯೂ ಹುಡುಕಿದೆವು. ಮಿಸ್ ವರ್ನಾ ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದರು.

"ಆ ಸೂಲಗಿತ್ತಿ ಸತ್ತು ಎಷ್ಟು ವರ್ಷ ಆಯ್ತು ಗೊತ್ತಾ ಹನಿ? ಇನ್ನೊಂದು ಸಹಿಗೆ ಅವಳನ್ನ ಎಬ್ಬಿಸೋಕಾಗಲ್ಲ" ಎಂದರು ಕೊನೆಗೆ.

ಸಂಜೆ ಮನೆಯಲ್ಲಿ ಹೇಳಿದೆ. ನಮ್ಮವರು ಚಪಾತಿ ಮುರಿಯುತ್ತ ಕೇಳಿದರು: "ಸ್ಕ್ಯಾನ್ ಮಾಡಿ ಇಟ್ಕೊಂಡಿರ್ಲಿಲ್ವಾ ಅವ್ರು?"

"ರೀ, ಅವರಿಗೆ ಎಪ್ಪತ್ತೊಂದು."

"ಹಂಗಲ್ಲ. ಬ್ಯಾಕಪ್ ಇಲ್ದೆ ಒರಿಜಿನಲ್ ಕೊಡಬಾರದು, ಬೇಸಿಕ್ ಅದು."

"ಮೂರು ವರ್ಷದ ಹಿಂದೆ ಕಾನ್ಸುಲೇಟಿಗೆ ನಮ್ಮ ಮದ್ವೆ ಸರ್ಟಿಫಿಕೇಟ್ ಒರಿಜಿನಲ್ ಕಳಿಸಿ, ಕಳೆದುಹೋಯ್ತು ಅಂತ ನನ್ನನ್ನ ಬೈದೋರು ಯಾರು?"

ಅವರು ಇನ್ನೊಂದು ಚಪಾತಿ ಹಾಕಿಕೊಂಡರು.

ಶುಕ್ರವಾರ ನನಗೆ ರಜೆಯ ದಿನ. ಆದರೂ ಹೋದೆ. ಮಧ್ಯಾಹ್ನ ಮೂರಕ್ಕೆ ಮಿಸ್ ವರ್ನಾ ಬಂದರು, ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡು. ಸದಸ್ಯತ್ವ ಸಮಿತಿಯ ಮೂವರು ಒಳಗೆ ಕುಳಿತಿದ್ದರು. ಅವರ ಮುಂದೆಯೇ ಟೀನಾ ಮೇಲೆ ದೂರು ಹೇಳುವುದು ಇವರ ಉದ್ದೇಶ. ಟೀನಾ, ನಾನು ಇಬ್ಬರೂ ಹಿಂದೆಯೇ ಒಳಗೆ ಹೋದೆವು.

"ಕೊಟ್ಟ ಕಾಗದವನ್ನೇ ಮತ್ತೆ ತಾ ಅಂತ ಬರ್ಕೊಟ್ಟಿದಾಳೆ ಇವಳು. ಬುಧವಾರ. ನೋಡಿ ಬೇಕಾದ್ರೆ" ಎಂದು ಕೈಚೀಲದಿಂದ ಒಂದು ಚೀಟಿ ತೆಗೆದು ಮೇಜಿಗೆ ಬಡಿದರು. ಟೀನಾಳ ಅಕ್ಷರ: "ಮೂಲ ದಾಖಲೆ ತಪ್ಪದೆ ತನ್ನಿ. ಶುಕ್ರವಾರ 5ರೊಳಗೆ."

ನಾನು ಚೀಟಿಯನ್ನು ತಿರುಗಿಸಿದೆ. ಸೂಲಗಿತ್ತಿಯ ಸಹಿ.

ಮಿಸ್ ವರ್ನಾ ಚೀಟಿಯನ್ನು ಕಿತ್ತುಕೊಂಡು ನೋಡಿ ನಕ್ಕರು. ಟೋಪಿ ಜಾರುವಷ್ಟು ನಕ್ಕರು. "ಎರಡು ದಿನದಿಂದ ಇದನ್ನ ಬೈಬಲ್ ಪಕ್ಕದಲ್ಲಿ ಇಟ್ಕೊಂಡಿದೀನಿ!"

ನಾಲ್ಕೂ ತುಂಡುಗಳನ್ನು ಟೇಪ್ ಹಾಕಿ ಜೋಡಿಸಿದೆ. ಸಮಿತಿಯ ಹಿರಿಯರೊಬ್ಬರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, ಕಡುಬಿನ ಎಚ್ಚರಿಕೆ ಓದಿ, ಗಂಭೀರವಾಗಿ ಕೇಳಿದರು: "ಇದ್ರಲ್ಲಿ ಸಾಕ್ಷಿ ಯಾವ ಕಡೆ?" ನಾಲ್ಕೂ ಮುಕ್ಕಾಲಿಗೆ ಅರ್ಜಿ ಅಂಗೀಕಾರವಾಯಿತು. ಬಾರ್ಬೆಕ್ಯೂ ಸಹಿತ ಆ ಹಾಳೆ ಈಗ ಶಾಶ್ವತ ದಾಖಲೆ.

ನನ್ನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಚೀಟಿಪುಸ್ತಕ ನಿಂತಿತು. ಹೊಸ ನಿಯಮ ಬಂತು: ಮರುಬಳಕೆಗೆ ಹೋಗುವ ಪ್ರತಿ ಹಾಳೆಯನ್ನೂ ಇಬ್ಬರು ನೋಡಿ, ಪಟ್ಟಿಯಲ್ಲಿ ಸಹಿ ಹಾಕಬೇಕು. ಪಟ್ಟಿಗೆ ಬೇಕಾದ ಕಾಗದವನ್ನು ಡೇಲ್ ಅನುದಾನದಿಂದಲೇ ತರಿಸಿದ. ಸಹಿ ಹಾಕುವ ಇಬ್ಬರಲ್ಲಿ ನಾನು ಒಬ್ಬಳು. ಈಗ ಎಲ್ಲವನ್ನೂ ಓದುತ್ತೇನೆ: ಮನೆ ಸೋರುವ ದೂರು, ತಿರಸ್ಕೃತ ಅರ್ಜಿ, ಯಾರದೋ ಅಜ್ಜನ ಜನ್ಮಸ್ಥಳ. ಮೊದಲು ನನಗೆ ಅವೆಲ್ಲ ಬಿಳಿ ಬೆನ್ನುಗಳು.

ಆ ಚುನಾವಣೆಯಲ್ಲಿ ಮಿಸ್ ವರ್ನಾ ಮೊದಲ ಬಾರಿಗೆ ಓಟು ಹಾಕಿದರು. ಚಿಕ್ಕಪ್ಪನ ಮಗ ಗೆದ್ದ. ಅಂದಿನಿಂದ ಮಂಡಳಿಯ ಪ್ರತಿ ಸಭೆಯಲ್ಲೂ ಅವರು ಮುಂದಿನ ಸಾಲಿನಲ್ಲಿ, ಅವನ ಎದುರಿನ ಕುರ್ಚಿಯಲ್ಲೇ ಕೂರುತ್ತಾರೆ.

ಕಳೆದ ಸೋಮವಾರ ಅವರು ಕಚೇರಿಗೆ ಬಂದಿದ್ದರು. ಮುಂದಿನ ಚುನಾವಣೆಗೆ ಅದೇ ಸ್ಥಾನಕ್ಕೆ ತಮ್ಮದೇ ನಾಮಪತ್ರ ಸಲ್ಲಿಸಿದರು. ನಾಲ್ಕು ಪ್ರತಿ ತಂದಿದ್ದರು. ಮೂರು ಕೊಟ್ಟು, ಒಂದಕ್ಕೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಹೋದರು.